ಗೇಟು ಬಿದ್ದಾಗ

ಹೋದ ಯುಗಾದಿಯ ಮರುದಿನ ಶುರುವಾದದ್ದು.
ಮುಚ್ಚಿದ ಕಾನ್ವೆಂಟಿನ ಕರಿಹಲಗೆ,
ಗುಜರಿಯಲ್ಲಿ ಎಂಬತ್ತು ರೂಪಾಯಿಗೆ ಸಿಕ್ಕಿದ್ದು,
ಗಿರಣಿಯ ಬಾಗಿಲ ಪಕ್ಕ
ರೈಲ್ವೆ ಗೇಟಿಗೆ ಮುಖ ಮಾಡಿ ಮೊಳೆ ಹೊಡೆದೆ.
ಮೊದಲ ಸಾಲು:
"ಜೋಳ ಬೀಸುವಾಗ ಏಳುವ ವಾಸನೆಗೆ
ಹೆಸರೊಂದು ಹುಡುಕುತ್ತಿದ್ದೇನೆ."

ಒಬ್ಬಾತ ಸೈಕಲ್ಲಿಳಿದ. ಹತ್ತಿರ ಬಂದ.
ಮೇಲಿಂದ ಕೆಳಗೆ ನೋಡಿದ.
"ಕೇಜಿಗೆ ಎಷ್ಟಕ್ಕ, ಬೀಸೋಕೆ?" ಅಂದ.

ಓದಿದವರಿಗೊಂದು ಹುಣಸೆ ಬೀಜ,
ಹಳೆ ಹಾರ್ಲಿಕ್ಸ್ ಡಬ್ಬಿಗೆ. ಇದು ನನ್ನ ಲೆಕ್ಕ.
ಮೊದಲ ತಿಂಗಳು ಏಳು.
ಅದರಲ್ಲಿ ಮೂರು ನನ್ನ ತಂಗಿಯವು,
ಎರಡು ಅನುಮಾನದವು.

ಲೆಕ್ಕಕ್ಕೂ ಒಂದು ನ್ಯಾಯ ಬೇಕಲ್ಲ:
ಹಲಗೆಯ ಕಡೆ ತಿರುಗಿ, ಹಲ್ಲಿಗೆ ಸಿಕ್ಕ
ಮಿರ್ಚಿ ಬೀಜ ತೆಗೆಯುವವನು ಓದುಗನೇ?
ನೆರಳಿಗೆಂದು ನಿಂತವಳು?
ತುಟಿ ಅಲ್ಲಾಡಿದರೆ ಮಾತ್ರ ಎಂದು ನಿಯಮ ಮಾಡಿದೆ.
ಎಲೆಅಡಿಕೆಯವರು ಅದನ್ನೂ ಕೆಡಿಸಿದರು.

ಆಷಾಢದಲ್ಲೊಂದು ದಿನ ಎಂಬತ್ತಮೂರು!
ಕೈ ಪಳಗಿತು, ಅಂದುಕೊಂಡೆ. ಸೀಮೆಸುಣ್ಣ ಬಣ್ಣದ್ದು ತಂದೆ.
ಗೇಟಿನ ದಾದಾಪೀರ್ ನಕ್ಕ:
"ಸಿಗ್ನಲ್ ಕೆಟ್ಟಿತ್ತಕ್ಕ, ಮುಕ್ಕಾಲು ಗಂಟೆ.
ಅವ್ರು ಕಾಯ್ತಿದ್ದುದು ಗೂಡ್ಸ್ ಗಾಡಿಗೆ."

ಇನ್ನೊಮ್ಮೆ ಅವಸರದಲ್ಲಿ ಬರೆದಿದ್ದೆ:
"ಗಿರಣಿಯ ಸೂರಿನಲ್ಲಿ ಅಕ್ಕಿ ಗೂಡು ಕಟ್ಟಿದೆ."
ಊರಿಗೆ ಊರೇ ಓದಿತು.
ಬಸ್ಸಿನ ಕಿಟಕಿಯಿಂದ ಕತ್ತು ಹೊರಗಿಟ್ಟು ಓದಿತು.
"ಸೋನಾಮಸೂರಿನೋ, ರೇಷನ್ನಿಂದೋ?"
ಸಂಜೆ ರುದ್ರಮುನಿ ಮೇಷ್ಟ್ರು ಜೇಬಿನಿಂದ
ತಮ್ಮದೇ ಸೀಮೆಸುಣ್ಣ ತೆಗೆದು
ಹಕಾರ ಕೂರಿಸಿ, ಏನೂ ಅನ್ನದೆ ಹೋದರು.
ಎರಡು ದಿನ ಬಿಟ್ಟು, ಬೇಕಂತಲೇ ಒಂದು ತಪ್ಪು ಮಾಡಿದೆ.
ಜನ ಬಂದರು.
ಆ ದಿನದ ಬೀಜ ಮಾತ್ರ ಡಬ್ಬಿಗೆ ಹಾಕಲಾಗಲಿಲ್ಲ,
ಹುರಿದು ತಿಂದೆ.

ಚೌಡಮ್ಮನನ್ನು ಯಾವ ಲೆಕ್ಕಕ್ಕೆ ಹಿಡಿಯಲಿ?
ಅಕ್ಷರ ಬಾರದು.
ಮಂಡಕ್ಕಿ ಪೊಟ್ಟಣ ಕಟ್ಟಿ, ಕೈಯಲ್ಲೇ ಹಿಡಿದು,
"ಅದೇನ್ ಬರ್ದೈತೆ ಓದು ಮೊದ್ಲು" ಅಂತಾಳೆ ಗಿರಾಕಿಗೆ.
ತಡವರಿಸಿದರೆ ಮಂಡಕ್ಕಿ ತಣ್ಣಗಾಗೋದಿಲ್ಲ, ನಿಧಾನ ಓದು, ಅಂತಾಳೆ.
ಒಂದೇ ಸಾಲು ದಿನಕ್ಕೆ ಮೂವತ್ತು ಗಂಟಲಲ್ಲಿ ಕೇಳಿ
ಮೂವತ್ತೊಂದನೆಯವನನ್ನು ತಿದ್ದುತ್ತಾಳೆ.

ಕಾರ್ತಿಕದ ಚಳಿಗೆ ಬರೆದದ್ದು ಇದು:
"ಮಿಲ್ಲಿನ ಸೈರನ್ ನಿಂತು ಇಷ್ಟು ವರ್ಷವಾದರೂ
ಐದೂವರೆಗೇ ಏಳುವವರು
ಈ ಓಣಿಯಲ್ಲಿ ಎಷ್ಟು ಮಂದಿ?"
ಇಡೀ ದಿನಕ್ಕೆ ಒಂಬತ್ತು ಬೀಜ.
ಮರುದಿನ ಕತ್ತಲಿರುವಾಗಲೇ ಬಾಗಿಲು ಬಡಿದ ಸದ್ದು.
ಮಫ್ಲರ್ ಸುತ್ತಿದ ಮುದುಕ, ಕಂಡವನಲ್ಲ.
"ನಾನೊಬ್ಬ" ಅಂದ.
ನೂಲಿನ ಖಾತೆಯಲ್ಲಿದ್ದನಂತೆ. ಚಹಾ ಬೇಡವೆಂದ.
ಅವನ ಬೆನ್ನು ಮರೆಯಾಗುವವರೆಗೆ ನೋಡುತ್ತ ನಿಂತೆ,
ಬೀಜ ಹಾಕುವುದನ್ನೇ ಮರೆತೆ.
ಈಗ ಹಾಕಲೋ ಬೇಡವೋ, ಗೊತ್ತಾಗುತ್ತಿಲ್ಲ.

ಮೊನ್ನೆ ವರ್ಷ ತುಂಬಿತು.
ಎಣಿಸುವ ತಾಳ್ಮೆಯಿಲ್ಲದೆ ತಕ್ಕಡಿಗೆ ಸುರಿದೆ:
ಒಂದು ಕೇಜಿ ಎಂಟುನೂರು ಗ್ರಾಂ.
(ನನ್ನ ತಕ್ಕಡಿ ಐವತ್ತು ಗ್ರಾಂ ಹೆಚ್ಚು ತೋರಿಸುತ್ತದೆಂದು
ಗಿರಾಕಿಗಳ ಹಳೇ ದೂರು.)
ಕೈ ಹಾಕಿ ಕಲಸಿದರೆ
ಯಾವುದು ಬಿಸಿಲಿಗೆ ನಿಂತವನದು,
ಯಾವುದು ಎರಡು ಸಲ ಓದಿದವಳದು,
ಎಲ್ಲ ಒಂದೇ ಕಂದು.

ಅದೇ ಸಂಜೆ ರಸ್ತೆಗೆ ಸುಣ್ಣದ ಗೆರೆ ಎಳೆದರು.
ಕೆಳಸೇತುವೆ ಬರುತ್ತದಂತೆ, ಇನ್ನು ಯಾರೂ
ಯಾವ ಗಾಡಿಗೂ ಕಾಯಬೇಕಿಲ್ಲವಂತೆ.
ಒಳ್ಳೆಯದೇ. ಆಂಬುಲೆನ್ಸು ಒದ್ದಾಡುವುದನ್ನು ನಾನೂ ಕಂಡಿದ್ದೇನೆ.

ಇವತ್ತು ಹಲಗೆ ಒರೆಸಿ
ಕೈಯಲ್ಲಿ ಚೂರು ಸೀಮೆಸುಣ್ಣ ಹಿಡಿದು ನಿಂತೇ ಇದ್ದೇನೆ.
ಆಚೆಯಿಂದ ಚೌಡಮ್ಮ:
"ಏನ್ ಬರ್ದೀಯವ್ವ ಇವತ್ತು?"
"ಇನ್ನೂ ಇಲ್ಲ."
"ಬರಿ ಮತ್ತೆ ಬಿರ್‍ರನೆ,
ದಾದಾಪೀರ ಗೇಟು ಇಳಿಸ್ತಾ ಅವ್ನೆ."